ಲೆಟರ್‌ಹೆಡ್

ಸೋತ ಮರುವಾರ ಎಣಿಸಿದೆ, ಹದಿನೇಳು ಪ್ಯಾಡು ಉಳಿದಿತ್ತು.
ನೆತ್ತಿಯ ಮೇಲೆ ಗಂಡಭೇರುಂಡ, ಅದರಡಿ ಕೆಂಪಕ್ಷರ:
ಜಟ್ಟಿ ಹೊನ್ನಪ್ಪ ಅಂಬಿಗ, ಶಾಸಕರು.
ಬಿಸಾಡಲು ಮನಸ್ಸಾಗಲಿಲ್ಲ, ದಪ್ಪ ಕಾಗದ.
ಮಾದೇವಕ್ಕ ಹತ್ತು ಪ್ಯಾಡು ಒಯ್ದಳು,
ಬೆನ್ನಬದಿಯಲ್ಲಿ ಬಳಚಿನ ಲೆಕ್ಕ ಬರೆಯಲು.

ನಾನು ಕುಮಟೆಯ ತಹಶೀಲ್ದಾರ್ ಕಚೇರಿಯ ಮೆಟ್ಟಿಲ ಬದಿ
ಪುಟಕ್ಕೆರಡು ರೂಪಾಯಿಗೆ ಟೈಪ್ ಹೊಡೆಯುತ್ತಿದ್ದ
ಪ್ರಭಾಕರ ಗುನಗ.
ಅವನು ಮೊದಲು ಬಂದಾಗ ತೊಡೆಯವರೆಗೂ ಕೆಸರು ಒಣಗಿತ್ತು.
ಅಮಾಸೆಯ ಭರತಕ್ಕೆ ಖಾರ್‌ಲ್ಯಾಂಡ್ ಒಡ್ಡು ಬಿರಿದು
ಗಜನಿಗೆ ಉಪ್ಪುನೀರು ನುಗ್ಗಿ
ಕಗ್ಗದ ಪೈರು ಕೂಡ ತಲೆ ಬಿಟ್ಟಿತ್ತು.
ಕಂಡಿಗೆ ಬೆನ್ನು ಕೊಟ್ಟು ಇಳಿತದವರೆಗೆ ನಿಂತರಂತೆ
ನಾಲ್ಕು ಜನ.
ಪಂಚಾಯ್ತಿ ಇಲೆಕ್ಷನ್ನಿಗೆ ಇಬ್ಬರಾದರು.
ಜಿಲ್ಲಾ ಪರಿಷತ್ತಿಗೆ ಅವನೊಬ್ಬನೇ.
ಅಸೆಂಬ್ಲಿ ಹೊತ್ತಿಗೆ ಸಮುದ್ರವೇ ಕೈಮುಗಿದು ಹಿಂದೆ ಸರಿದಿತ್ತು.
ಆ ಪಾಂಪ್ಲೆಟ್ಟು ಬರೆದವನು ನಾನೇ.

ಸಹಿ ಕಲಿಸಿದ್ದೂ ನಾನೇ.
ಎಷ್ಟು ತಿದ್ದಿದರೂ ಏಡಿಯಂತೆ ಅಡ್ಡಡ್ಡ ಓಡುತ್ತಿತ್ತು.
'ಇರಲಿ ಬಿಡಾ, ಕಚ್ಚಿದ್ರೆ ಸಾಕು' ಎಂದ.
ಕಚ್ಚಿತು. ಆ ಸಹಿಗೆ
ಅಂಗನವಾಡಿ ಬಂತು, ಟ್ರಾನ್ಸ್‌ಫರ್ ನಿಂತಿತು,
ಲೋಕಿಯ ಮಗಳಿಗೆ ಹಾಸ್ಟೆಲ್ಲಲ್ಲಿ ಮಂಚ ಸಿಕ್ಕಿತು.
ಆಗದ ಕೆಲಸಕ್ಕೂ ಒಂದು ವಾಕ್ಯ ಹೊಸೆದಿಟ್ಟಿದ್ದೆ:
'ತಮ್ಮ ಮನವಿಯನ್ನು ಅತ್ಯಂತ ಕಳಕಳಿಯಿಂದ
ಪರಿಶೀಲನೆಗೆ ಎತ್ತಿಕೊಳ್ಳಲಾಗಿದೆ.'
ಕಳಕಳಿ ಎಂಬ ಪದ ಅವನಿಗೆ ಬಹಳ ಹಿಡಿಸಿತ್ತು.
ದೋಣಿ ತಳದಲ್ಲಿ ನೀರು ಮಾತಾಡಿದ ಹಾಗಿದೆ ಅನ್ನುತ್ತಿದ್ದ.

ಹತ್ತು ವರ್ಷದಲ್ಲಿ ಸದನದಲ್ಲಿ ಎದ್ದು ನಿಂತದ್ದು ಒಂದೇ ಸಲ,
ಒಡ್ಡಿನ ವಿಷಯಕ್ಕೆ.
ನಡಾವಳಿ ಪುಸ್ತಕ ತರಿಸಿ ನೋಡಿದೆ.
ಶ್ರೀ ಜೆ. ಎಚ್. ಅಂಬಿಗ: ಮಾನ್ಯ ಅಧ್ಯಕ್ಷರೇ, ನಮ್ಮ ಬದಿಗೆ ನೀರು
(ಗದ್ದಲ)
ಅಷ್ಟೇ.
ಆ ಪುಟ ಮಡಚಿ ಕಿಸೆಯಲ್ಲಿಟ್ಟುಕೊಂಡು
ವರ್ಷಗಟ್ಟಲೆ ಜನರಿಗೆ ತೋರಿಸಿದ.

ಇನ್ನು ಆ ಕಾಗದದ ಮಾತು.
ಸಿಗಡಿ ಕೆರೆಯ ಗುತ್ತಿಗೆಗೆಂದು ಹೊರಗಿನವನೊಬ್ಬ ಬಂದ,
ಬಿಳಿ ಚಪ್ಪಲಿ, ತೂಕದ ಮಾತು.
ಗೇಟು ಎಂಟು ತಿಂಗಳು ತೆರೆದೇ ಇರಬೇಕೆಂದು
ಮೂರನೇ ಪ್ಯಾರಾದಲ್ಲಿತ್ತು.
ಟೈಪ್ ಮಾಡುವಾಗ ನನ್ನ ಬೆರಳಿಗೆ ಗೊತ್ತಾಯಿತು.
'ಓದಿದ್ಯನಾ?' ಎಂದು ಕೇಳಿದ.
'ಓದಿದೆ' ಅಂದೆ.
ಸರಿಯಿದೆಯಾ ಎಂದು ಅವನು ಕೇಳಲಿಲ್ಲ.
ನಾನೂ ಹೇಳಲಿಲ್ಲ.
ಏಡಿ ಅಡ್ಡ ಓಡಿತು.
ಆ ತಿಂಗಳು ನನ್ನ ಮನೆಗೆ ಹೆಂಚು ಬಂತು.

ಮುನ್ನೂರ ಹನ್ನೊಂದು ಮತದಲ್ಲಿ ಸೋತ.
ಅವನ ಸ್ವಂತ ಬೂತಿನ ಪೆಟ್ಟಿಗೆ ಕೊನೆಗೆ ಒಡೆದರು.
ಬಾಳಿಗಾ ಹೈಸ್ಕೂಲಿನಾಚೆ ಎಣಿಕೆಯ ಪೆಂಡಾಲಿನಿಂದ ಎದ್ದು
ಯಾರ ಕಾರೂ ಹತ್ತದೆ ಟೆಂಪೋ ಹಿಡಿದ.
ಟಿಕೆಟ್ಟಿಗೆ ಚಿಲ್ಲರೆ ನಾನೇ ಕೊಟ್ಟೆ.

ಮೊನ್ನೆ ಹೇಳಿ ಕಳಿಸಿದ.
ಒಡ್ಡು ಮತ್ತೆ ಬಾಯಿಬಿಟ್ಟಿದೆ, ಕಾಗದ ಬೇಕು,
ಈಗಿನ ಶಾಸಕರಿಗೆ.
ಹಳೇ ಪ್ಯಾಡೇ ತೆಗೆದೆ.
ಶಾಸಕರು ಎಂಬುದರ ಮುಂದೆ
'ಮಾಜಿ' ಎಂದು ಪೆನ್ನಿನಲ್ಲಿ ತುರುಕಿದೆ, ಜಾಗ ಸಾಲಲಿಲ್ಲ.
ಈ ಸಲ ಅವನು ಪ್ರತಿ ಸಾಲೂ ಬೆರಳಿಟ್ಟು ಓದಿದ,
ತುಟಿ ಅಲ್ಲಾಡಿಸುತ್ತ, ಮುಕ್ಕಾಲು ಗಂಟೆ.
ಮೂರನೇ ಪ್ಯಾರಾಕ್ಕೆ ನಿಂತು ನನ್ನ ಮುಖ ನೋಡಿದ.
ಅಲ್ಲಿ ಏನೂ ಇರಲಿಲ್ಲ, ಸರ್ವೆ ನಂಬರು ಅಷ್ಟೇ.

ಉತ್ತರ ನಿನ್ನೆ ಬಂತು. ಹೊಸ ಲೆಟರ್‌ಹೆಡ್, ಹೊಳೆಯುವ ಕಾಗದ.
'ತಮ್ಮ ಮನವಿಯನ್ನು ಅತ್ಯಂತ ಕಳಕಳಿಯಿಂದ...'
ಅವನು ಒಡ್ಡಿನ ಮೇಲೆ ಕೂತಿದ್ದ, ಕಾಲು ಕೆಸರಲ್ಲಿ.
'ಪರಬಾಕರಾ, ಇದು ನಿನ್ನ ವಾಕ್ಯ ಅಲ್ಲನಾ?'
ಹೌದೆಂದೆ.
'ಚಂದ ಇದೆ' ಎಂದ,
'ಆದ್ರೆ ಓದೋ ಬದಿಯಿಂದ ಬ್ಯಾರೆ ಕೇಳ್ತದೆ.'
ಭರತ ಏರತೊಡಗಿತ್ತು.
ಒಂದು ಬುಟ್ಟಿ ಮಣ್ಣು ನನ್ನ ಕಡೆ ನೂಕಿದ.